ತಾಳವಾಡಿ ಬೆಟ್ಟಕ್ಕೆ ಯಾವ ದಾರಿಯಲ್ಲಿ ಹೋಗೋಣ?

ಶಾಲೆಗಳಿಗೆ ರಜೆ ಸಿಗುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಏಳುವುದು ವಾಡಿಕೆ. ಹಿರಿಯರಿಗೆ ಸುಬ್ರಹ್ಮಣ್ಯ, ಧರ್ಮಸ್ಥಳಗಳ ದರ್ಶನವಾದರೆ ಸಾಕು. ಮಕ್ಕಳಿಗೆ ಊಟಿ ಬೇಕು. ಕಾಲೇಜು ಮೆಟ್ಟಿಲು ಹತ್ತಿದ ತರುಣರಿಗಾದರೋ ಇವೆರಡೂ ಸಪ್ಪೆ. ಎಲ್ಲರೂ ನಡೆದ ದಾರಿಯನ್ನು ಬಿಟ್ಟು ಕಷ್ಟದ ದಾರಿ ಹಿಡಿಯಬೇಕೆಂಬ ಹಂಬಲ ಅವರದು. ಜಪಾನಿನ ಹಿಮದ ಬೆಟ್ಟಗಳಲ್ಲಿ, ಸಿದ್ಧಪಡಿಸಿದ ಜಾರುದಾರಿಯನ್ನು ಬಿಟ್ಟು ಮರಗಳ ನಡುವೆ ಜಾರಿ ಇಳಿಯುವವರ ಚಿತ್ರ ತೋರಿಸಿ, “ಹೋದರೆ ಇಂಥಲ್ಲಿಗೆ ಹೋಗಬೇಕು” ಎನ್ನುತ್ತಾರೆ.

ಈ ಹಂಬಲ ತಪ್ಪೆಂದು ನಾವು ಹೇಳಲಾರೆವು. ಆದರೆ ಆ ಜಪಾನೀಯರಿಂದಲೇ ಕಲಿಯಬೇಕಾದ ಪಾಠವೊಂದಿದೆ. ಹೊಕ್ಕೈಡೋ ದ್ವೀಪದ ನಿಸೆಕೊ ಎಂಬಲ್ಲಿ ದಾರಿ ಬಿಟ್ಟು ಹೋಗುವವರಿಗಾಗಿಯೇ ಗೇಟುಗಳಿವೆ. ಹಿಮ ಕುಸಿಯುವ ಭೀತಿ ಇರುವ ದಿನ ಅವುಗಳನ್ನು ಮುಚ್ಚುತ್ತಾರೆ. ಆಗ ಹಗ್ಗ ದಾಟಿ ಹೋಗುವಂತಿಲ್ಲ. ಅದೇ ದೇಶದ ಹಕ್ಕೋಡ ಪರ್ವತದಲ್ಲಿ 1902ರ ಜನವರಿಯಲ್ಲಿ ಚಳಿಗಾಲದ ತರಬೇತಿಗೆ ಹೊರಟ 210 ಸೈನಿಕರ ಪೈಕಿ 199 ಮಂದಿ ಹಿಮಗಾಳಿಯಲ್ಲಿ ದಾರಿ ತಪ್ಪಿ ಮಡಿದರು. ಕಷ್ಟದ ದಾರಿಯನ್ನು ಆರಿಸುವವನು ಮೊದಲು ಅಲ್ಲಿನ ನಿಯಮವನ್ನು ತಿಳಿದಿರಬೇಕು ಎಂಬುದೇ ಇದರ ತಾತ್ಪರ್ಯ.

ಹಿಮವಿಲ್ಲದಿದ್ದರೂ ಇಂಥ ಆಯ್ಕೆಗೆ ಅವಕಾಶವಿರುವ ಬೆಟ್ಟವೊಂದು ನಮ್ಮವರ ನಡುವೆಯೇ ಇದೆ. ಅದು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ತಾಳವಾಡಿ. ಚಾಮರಾಜನಗರಕ್ಕೆ ತಾಗಿಕೊಂಡಿರುವ ಈ ಎತ್ತರದ ನಾಡಿನಲ್ಲಿ ಮನೆಮಾತು ಹೆಚ್ಚಾಗಿ ಕನ್ನಡ. ವರನಟ ಡಾ. ರಾಜಕುಮಾರ್ ಅವರ ಗಾಜನೂರು ಇರುವುದು ಇಲ್ಲಿಯೇ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದ್ದೂ ಇದೇ ಊರಿನಿಂದ. 108 ದಿನಗಳ ಬಳಿಕ ಅವರು ಬಿಡುಗಡೆಯಾಗಿ ಬಂದುದು ನಮ್ಮ ಓದುಗರಿಗೆ ನೆನಪಿರಬಹುದು.

ಇಲ್ಲಿಗೆ ಹೋಗಲು ಮೂರು ದಾರಿಗಳು.

ಮೊದಲನೆಯದು ಸುಲಭ. ಸುಳ್ಯ, ಮಡಿಕೇರಿ, ಮೈಸೂರು ದಾಟಿ ಚಾಮರಾಜನಗರ ಸೇರಿದರೆ ಅಲ್ಲಿಂದ ತಾಳವಾಡಿ ದೂರವಿಲ್ಲ. ಮೈಸೂರಿನಿಂದ ಚಾಮರಾಜನಗರದ ತನಕ ರೈಲೂ ಇದೆ. ಮುದುಕರು, ಮಕ್ಕಳು ಜತೆಗಿದ್ದರೆ ಇದೇ ಲೇಸು. ದೀಪಾವಳಿಯ ಮುಕ್ತಾಯಕ್ಕೆ ಹೋದವರಿಗೆ ಗುಮಟಾಪುರದ ಗೊರೆ ಹಬ್ಬವನ್ನು ಕಾಣುವ ಭಾಗ್ಯವೂ ಉಂಟು. ಊರಿನ ಹಟ್ಟಿಗಳ ಸಗಣಿಯನ್ನೆಲ್ಲ ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕಿ, ಒಬ್ಬರ ಮೇಲೊಬ್ಬರು ಎರಚಾಡುವ ಹಬ್ಬವದು.

ಎರಡನೆಯದು ದಿಂಬಂ ಘಾಟಿ. ಸತ್ಯಮಂಗಲದಿಂದ ಬಣ್ಣಾರಿ ಅಮ್ಮನ ಗುಡಿ ದಾಟಿದೊಡನೆ ಏರು ಶುರು. 27 ಹಿಮ್ಮುರಿ ತಿರುವುಗಳು. ಭಾರದ ಲಾರಿಯೊಂದು ತಿರುವಿನಲ್ಲಿ ಸಿಕ್ಕಿಬಿದ್ದರೆ ಹಿಂದಿನವರೆಲ್ಲ ಗಂಟೆಗಟ್ಟಲೆ ಕಾಯಬೇಕು. ಘಾಟಿ ರಸ್ತೆಯ ಅಭ್ಯಾಸವಿಲ್ಲದ ಚಾಲಕರು ಇದಕ್ಕೆ ಕೈಹಾಕದಿರುವುದು ಒಳ್ಳೆಯದು. ಮದ್ರಾಸು ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಇಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ವೇಳೆ ವಿಚಾರಿಸಿಯೇ ಹೊರಡಬೇಕು.

ಮೂರನೆಯದು ಕಠಿಣ. ಹಾಸನೂರಿನಿಂದ ಗೇರುಮಾಳದ ಮೂಲಕ ಒಡೆಯರಪಾಳ್ಯ, ಕೊಳ್ಳೇಗಾಲದ ಕಡೆಗೆ ಸಾಗುವ ಕಾಡುದಾರಿ. ಜನಸಂಚಾರ ವಿರಳ, ಕೈಗೆ ಸಿಗುವ ಅಂಗಡಿ ಮುಂಗಟ್ಟು ವಿರಳ, ಆನೆಗಳು ಧಾರಾಳ. ತರುಣರು ಕೇಳುವ ಕಷ್ಟ ಇಲ್ಲಿ ಸಿಗುತ್ತದೆ. ಆದರೆ ಹಗಲಲ್ಲಿ ಮಾತ್ರ, ಒಳ್ಳೆಯ ವಾಹನದಲ್ಲಿ, ರಸ್ತೆ ಬಲ್ಲವರ ಜತೆಗೆ ಮಾತ್ರ.

ರಸ್ತೆಯನ್ನೇ ಬಿಟ್ಟು ಕಾಡಿನೊಳಗೆ ನಡೆದರೆ ಹೇಗೆ? ಇದಕ್ಕೆ ನಮ್ಮ ಉತ್ತರ ಒಂದೇ: ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕೂಡದು. ಸುತ್ತಲಿನ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ಸುಮಾರು 1,400 ಚದರ ಕಿಲೋಮೀಟರ್ ವಿಸ್ತಾರ. ಹುಲಿಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿದ್ದಕ್ಕಾಗಿ 2022ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆದ ಕಾಡಿದು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಅಪಾಯ ಬೇರೆ. 2018ರ ಮಾರ್ಚಿನಲ್ಲಿ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದ 23 ಮಂದಿ ಕಾಡ್ಗಿಚ್ಚಿಗೆ ಸಿಲುಕಿ ಸತ್ತುದನ್ನು ಮರೆಯಲಾಗದು. ಜಪಾನಿನಲ್ಲಿ ಮುಚ್ಚಿದ ಗೇಟು ಹೇಗೋ ಇಲ್ಲಿ ಇಲಾಖೆಯ ತನಿಖಾ ಠಾಣೆಯೂ ಹಾಗೆಯೇ.

ಕಬ್ಬಿನ ಲಾರಿಗಳಿಗೆ ಅಡ್ಡ ನಿಲ್ಲುವ ಆನೆಗಳನ್ನು ಕಂಡು ವಾಹನದಿಂದಿಳಿದು ಚಿತ್ರ ತೆಗೆಯುವವರಿದ್ದಾರೆ. ತಿಂಡಿ ಎಸೆಯುವವರೂ ಇದ್ದಾರೆ. ನಮಗೆ ಇದು ಅರ್ಧ ಗಂಟೆಯ ವಿನೋದ. ರಸ್ತೆಯಲ್ಲಿ ರುಚಿ ಕಂಡ ಆನೆ ನಾಳೆ ನುಗ್ಗುವುದು ಅಲ್ಲಿನ ಕೃಷಿಕರ ಹೊಲಕ್ಕೆ. ಕೋಸು, ಆಲೂಗೆಡ್ಡೆ, ಅರಿಶಿನ, ರಾಗಿ ಬೆಳೆಯುವ ಈ ಜನ ರಾತ್ರಿಯೆಲ್ಲ ಕಾವಲು ಕೂರುತ್ತಾರೆ. ಕರುಪ್ಪನ್ ಎಂಬ ಒಂಟಿ ಸಲಗವನ್ನು ಹಿಡಿಯಲು ಅರಣ್ಯ ಇಲಾಖೆ ಸಾಕಾನೆಗಳನ್ನು ತಂದು ಹಲವು ಬಾರಿ ಹೆಣಗಿ, ಕೊನೆಗೆ 2023ರ ಏಪ್ರಿಲಿನಲ್ಲಿ ಸೆರೆಹಿಡಿಯಿತು. ರಾತ್ರಿ ಸಂಚಾರದ ನಿರ್ಬಂಧ ಬಂದಾಗಲೂ ಪ್ರತಿಭಟನೆಗೆ ಇಳಿದವರು ಇವರೇ. ತರಕಾರಿ ಪೇಟೆಗೆ ಇಳಿಯಬೇಕು, ರೋಗಿ ಆಸ್ಪತ್ರೆಗೆ ಇಳಿಯಬೇಕು. ಇಳಿಯಲು ಇರುವುದು ಅದೇ ಘಾಟಿ. ನಾವು ಸಾಹಸವೆಂದು ಆರಿಸುವ ದಾರಿ ಅವರಿಗೆ ನಿತ್ಯದ ದಾರಿ.

ಕಾಸರಗೋಡಿನ ನಮಗೆ ಅಲ್ಲಿಗೆ ಹೋಗಲು ಇನ್ನೊಂದು ಕಾರಣವೂ ಇದೆ. 1956ಕ್ಕೆ ಮುನ್ನ ನಾವೂ ಅವರೂ ಒಂದೇ ಮದ್ರಾಸು ರಾಜ್ಯದ ಪ್ರಜೆಗಳು. ರಾಜ್ಯ ಪುನರ್ವಿಂಗಡಣೆಯಲ್ಲಿ ನೆರೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ನಮ್ಮ ತಾಲೂಕು ಕೇರಳಕ್ಕೆ ಹೋಯಿತು. ತಮಿಳು ಕಲಿಕೆಯ ಕಾಯಿದೆ ಅಲ್ಲಿಗೆ 2006ರಲ್ಲಿ ಬಂತು. ಮಲಯಾಳ ಕಲಿಕೆಯ ಕಾಯಿದೆ ಇಲ್ಲಿಗೆ 2017ರಲ್ಲಿ ಬಂತು. ಮನೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯೆಂಬ ಬದುಕನ್ನು ನಾವು ಅವರಿಗೆ ವಿವರಿಸಬೇಕಾಗಿಲ್ಲ, ಅವರು ನಮಗೆ ವಿವರಿಸಬೇಕಾಗಿಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟು. ಚಾಮರಾಜನಗರದ ಕಡೆಯಿಂದ ಹೋಗಿ, ಒಂದು ದಿನ ತಾಳವಾಡಿಯ ಊರುಗಳಲ್ಲಿ ಕಳೆಯಿರಿ. ವಸತಿಗೆ ಹಾಸನೂರಿನಲ್ಲಿ ಅನುಕೂಲವಿದೆ. ಮರುದಿನ ಹಗಲಲ್ಲಿ ದಿಂಬಂ ಇಳಿಯಿರಿ. ತಾಕತ್ತಿರುವ ತರುಣರು ಗೇರುಮಾಳದ ದಾರಿ ಹಿಡಿಯಲಿ. ದಾರಿಯಲ್ಲಿ ಚಹದಂಗಡಿ ಕಂಡರೆ ನಿಲ್ಲಿಸಿ, ಕನ್ನಡದಲ್ಲೇ ಮಾತಾಡಿಸಿ. ಎಲ್ಲಿಂದ ಬಂದಿರೆಂದು ಅವರು ಕೇಳಿಯೇ ಕೇಳುತ್ತಾರೆ. ಕಾಸರಗೋಡು ಎಂದರೆ, ಕೇಳುವವರಿಗೂ ಹೇಳುವವರಿಗೂ ಮಾತಿಗೆ ಬರವಿರಲಾರದು.