ಕಡಲ ಜೀವಿಗಳಿಗೂ ನೆಲೆಯಾಗುವ ತಡೆಗೋಡೆ

ಬಂದರು, ಜೆಟ್ಟಿ ಹಾಗೂ ಕಡಲ ತಡೆಗೋಡೆಗಳನ್ನು ನಿರ್ಮಿಸುವಾಗ ಅಲೆಯ ಹೊಡೆತವನ್ನು ತಾಳುವ ಬಲ ಮತ್ತು ತಗಲುವ ವೆಚ್ಚ ಇವೆರಡನ್ನೇ ಮುಖ್ಯವಾಗಿ ಪರಿಗಣಿಸುವುದು ವಾಡಿಕೆ. ಗೋಡೆಯ ಮೇಲೆ ಜಲಚರಗಳು ಬದುಕಬಲ್ಲವೇ ಎಂಬ ಮೂರನೆಯ ಪ್ರಶ್ನೆಯೂ ಈಗ ಕೆಲವು ದೇಶಗಳಲ್ಲಿ ವಿನ್ಯಾಸದ ಅಂಗವಾಗಿದೆ. ಕಾಂಕ್ರೀಟ್ ಉತ್ಪನ್ನಗಳ ಸಣ್ಣ ತಯಾರಕರಿಗೂ ಇದು ಸಂಬಂಧಿಸಿದ ವಿಷಯ.

ನುಣುಪು ಗೋಡೆಯ ದೋಷ

ಸ್ವಾಭಾವಿಕ ಬಂಡೆಗಳಲ್ಲಿ ಬಿರುಕು, ಗುಳಿ, ನೆರಳುಗಳಿರುತ್ತವೆ. ಇಳಿತದ ವೇಳೆಯಲ್ಲೂ ಅಲ್ಲಿ ನೀರು ಉಳಿಯುವುದರಿಂದ ಸಿಂಪಿ, ಏಡಿ, ಕಡಲಪಾಚಿಗಳು ಬದುಕುತ್ತವೆ. ನುಣುಪಾದ ನೇರ ಗೋಡೆಯಾದರೋ ಇಳಿತದಲ್ಲಿ ಒಣಗಿ ಬಿಸಿಲಿಗೆ ಕಾಯುತ್ತದೆ. ಮರಿಮೀನುಗಳಿಗೆ ಅಲ್ಲಿ ಆಹಾರವಾಗಲಿ ಆಸರೆಯಾಗಲಿ ದೊರೆಯುವುದು ವಿರಳ.

ಎರಡು ನಿದರ್ಶನಗಳು

ಆಸ್ಟ್ರೇಲಿಯಾದ ಸಿಡ್ನಿ ಬಂದರಿನ ತೀರದ ಅರ್ಧಕ್ಕಿಂತ ಹೆಚ್ಚು ಭಾಗ ತಡೆಗೋಡೆಯೇ ಆಗಿದೆ. ಅಲ್ಲಿ 2018ರಲ್ಲಿ 'ಲಿವಿಂಗ್ ಸೀವಾಲ್ಸ್' ಯೋಜನೆ ಆರಂಭವಾಯಿತು. ಬಂಡೆಯ ಗುಳಿ, ಬಿರುಕು, ಕಾಂಡ್ಲಾ ಬೇರುಗಳ ಆಕಾರವನ್ನು ಹೋಲುವ ಕಾಂಕ್ರೀಟ್ ಫಲಕಗಳನ್ನು ಅಚ್ಚಿನಲ್ಲಿ ಎರಕಹೊಯ್ದು, ಹಳೆಯ ಗೋಡೆಯನ್ನು ಕೆಡವದೆ ಅದರ ಮೇಲೆಯೇ ಜೋಡಿಸಲಾಯಿತು.

ಅಮೆರಿಕದ ಸಿಯಾಟಲ್‌ನಲ್ಲಿ 2013ರಿಂದ 2017ರವರೆಗೆ ಹೊಸ ಗೋಡೆಯನ್ನೇ ಕಟ್ಟಲಾಯಿತು. ಸಾಲ್ಮನ್ ಮರಿಗಳು ಕಟ್ಟೆಗಳ ಕೆಳಗಿನ ಕತ್ತಲನ್ನು ಪ್ರವೇಶಿಸಲು ಹಿಂಜರಿಯುವುದರಿಂದ, ಮೇಲಿನ ಕಾಲುದಾರಿಯಲ್ಲಿ ಬೆಳಕು ಹಾಯುವ ಗಾಜಿನ ಬಿಲ್ಲೆಗಳನ್ನು ಅಳವಡಿಸಲಾಗಿದೆ. ಗೋಡೆಗೆ ಒರಟು ಮೈ ಹಾಗೂ ಚಾಚುಪಟ್ಟಿಗಳನ್ನು ನೀಡಲಾಗಿದೆ.

ತಯಾರಕರು ಗಮನಿಸಬೇಕಾದದ್ದು

ಇಂತಹ ಫಲಕಗಳ ತಯಾರಿಕೆಗೆ ಬೇಕಾದುದು ಮುಖ್ಯವಾಗಿ ಉತ್ತಮ ಅಚ್ಚು ಮತ್ತು ಶಿಸ್ತಿನ ಮಿಶ್ರಣ. ಆದರೆ ಉಪ್ಪುನೀರು ಸರಳಿಗೆ ಶತ್ರು. ಉಬ್ಬರವಿಳಿತದ ವಲಯದ ಉಕ್ಕುಸಹಿತ ಕಾಂಕ್ರೀಟಿಗೆ ಐಎಸ್ 456:2000 ಮಾನಕವು ಕನಿಷ್ಠ ಎಂ40 ದರ್ಜೆಯನ್ನೂ, ಸರಳಿನ ಮೇಲೆ 75 ಮಿ.ಮೀ. ಕವರನ್ನೂ ವಿಧಿಸಿದೆ. ಫಲಕದಲ್ಲಿ ಗುಳಿ ತೆಗೆದಾಗ ಈ ಕವರನ್ನು ಗುಳಿಯ ತಳದಿಂದ ಅಳೆಯಬೇಕೇ ಹೊರತು ಮೇಲ್ಮೈಯಿಂದಲ್ಲ. ಇದನ್ನು ಕಡೆಗಣಿಸಿದರೆ ಸರಳು ತುಕ್ಕು ಹಿಡಿದು ಉಬ್ಬಿ, ಫಲಕವೇ ಸೀಳುತ್ತದೆ. ಸಣ್ಣ ಫಲಕಗಳಲ್ಲಿ ಸರಳಿನ ಬದಲು ತುಕ್ಕು ಹಿಡಿಯದ ನಾರನ್ನು ಬಳಸುವುದು ಒಂದು ಪರಿಹಾರ.

ಮಿತಿಗಳೂ ಉಂಟು. ಮಳೆಗಾಲದಲ್ಲಿ ಅಲೆಗಳು ಅಬ್ಬರಿಸುವ ನಮ್ಮ ತೆರೆದ ಕರಾವಳಿಗಿಂತ ಅಳಿವೆ ಹಾಗೂ ಬಂದರುಗಳ ಒಳಗೋಡೆಗಳಿಗೆ ಇವು ಹೆಚ್ಚು ಸೂಕ್ತ. ಕಾಂಡ್ಲಾ ವನವಾಗಲಿ ಮರಳುದಂಡೆಯಾಗಲಿ ಉಳಿದಿರುವಲ್ಲಿ ಅದನ್ನು ಕಾಪಾಡುವುದೇ ಲೇಸು. ಗೋಡೆ ಅನಿವಾರ್ಯವಾದೆಡೆ ಮಾತ್ರ ಈ ವಿನ್ಯಾಸಕ್ಕೆ ಬೆಲೆ.