ಮಸ್ಕಿ ರಸ್ತೆಯ ಪ್ಲಾಟು, ಮೊಬೈಲಿನ ಪಾಠ

ಲಿಂಗಸುಗೂರು ದಾಟಿ ಮಸ್ಕಿ ಕಡೆ ಹೊರಟರೆ ಊರು ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ತೊಗರಿ ಸಾಲಿನ ಮಗ್ಗುಲಲ್ಲೇ ಸಿಮೆಂಟಿನ ಕಮಾನು. ಒಳಗೆ ಮೊರಮ್ ಹಾಸಿದ ರಸ್ತೆ, ಎರಡೂ ಬದಿಗೆ ಸುಣ್ಣ ಬಳಿದ ಕಲ್ಲು, ಕಲ್ಲಿನ ಮೇಲೆ ಕೆಂಪು ಬಣ್ಣದ ನಂಬರು. ಮನೆ ಒಂದೂ ಇಲ್ಲ. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ ಹೆದ್ದಾರಿಯೂ ಬೆಳಗಾವಿ–ರಾಯಚೂರು ಹೆದ್ದಾರಿಯೂ ಹಾಯುವ ಊರಿದು. ಇಲ್ಲಿ ಎಕರೆ ಲೆಕ್ಕದ ಭೂಮಿ ಚದರಡಿ ಲೆಕ್ಕಕ್ಕೆ ಬಂದದ್ದು ಸೋಜಿಗವಲ್ಲ.

ಕಮಾನಿನ ನೆರಳಲ್ಲಿ ಕೂತಿದ್ದ ಹುಡುಗ ಎದ್ದು ಕುರ್ಚಿ ಕೊಟ್ಟ, ನಕ್ಷೆ ಬಿಡಿಸಿದ. ‘ಟ್ರೇನ್ ಬರ್ಲಿಕತ್ತದ ನೋಡ್ರಿ ಸರ. ಕುಷ್ಟಗಿಗೆ ಬಂತು, ಇನ್ನ ನಮ್ಮೂರೇ.’ ಮಾತು ಸುಳ್ಳಲ್ಲ. ಗದಗ–ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ರೈಲು ಕುಷ್ಟಗಿ ಮುಟ್ಟಿದೆ. ಲಿಂಗಸುಗೂರು ಅದೇ ಮಾರ್ಗದಲ್ಲಿದೆ. ನಿಲ್ದಾಣ ಈ ಪ್ಲಾಟಿಗೆ ಎಷ್ಟು ದೂರ ಎಂದು ಕೇಳಿದರೆ ಕೈ ಚಾಚಿ ದಿಕ್ಕು ತೋರಿಸಿದ, ಕಿಲೋಮೀಟರು ಹೇಳಲಿಲ್ಲ.

ಇಷ್ಟು ಹುರಿಗೊಂಡ ಮಾತು ಎಲ್ಲಿ ಕಲಿತೆ ತಮ್ಮಾ ಎಂದೆ. ‘ಕ್ಲಾಸ್ ತಗೊಂಡೀನ್ರಿ’ ಎಂದು ಮೊಬೈಲು ತೆಗೆದ.

ಮೊದಲ ಮೆಟ್ಟಿಲು 99 ರೂಪಾಯಿಯದು. ಐತವಾರ ಎರಡು ತಾಸಿನ ಆನ್‌ಲೈನ್ ಪಾಠ, ಅಚ್ಚ ಕನ್ನಡದಲ್ಲೇ. ಅವನು ಓಡಿಸಿ ಓಡಿಸಿ ತೋರಿಸಿದ. ಮೊದಲ ತಾಸು ಪೂರ್ತಿ ಮೇಷ್ಟ್ರ ಬಡತನದ ಕಥೆ, ಆಮೇಲೆ ಅವರ ಕಾರು. ಭೂಮಿಯ ಮಾತು ಹದಿನೈದು ನಿಮಿಷ ಇದ್ದೀತು. ಕೊನೆಗೆ ಪರದೆಯ ಮೇಲೆ 49,999 ಎಂದು ಬಂತು, ಅದಕ್ಕೆ ಅಡ್ಡಗೆರೆ ಬಿತ್ತು. 14,999 ಬಂತು, ಅದಕ್ಕೂ ಗೆರೆ. ನಿಂತದ್ದು 4,999ಕ್ಕೆ. ಪಕ್ಕದಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು: ಇನ್ನು ಹನ್ನೊಂದೇ ನಿಮಿಷ.

‘ಹನ್ನೊಂದು ನಿಮಿಷ ಮುಗದ ಮ್ಯಾಲ?’

‘ಮುಂದಿನ ಐತವಾರ ಮತ್ತ ಚಾಲೂ ಆಗ್ತದ್ರಿ’ ಎಂದು ಅವನೇ ನಕ್ಕ. ಆದರೂ ಕಟ್ಟಿದ್ದಾನೆ. ಶೇ 18 ಜಿಎಸ್‌ಟಿ ಸೇರಿ ಸುಮಾರು 5,900. ಮುಂದಿನ ಮೆಟ್ಟಿಲು ಮೇಷ್ಟ್ರ ಜತೆ ನೇರ ಮಾತಾಡುವ ‘ಮೆಂಟರ್‌ಶಿಪ್’, 35 ಸಾವಿರ. ‘ತೊಗರಿ ಮಾರಿದ ಮ್ಯಾಲ ನೋಡ್ಬೇಕ್ರಿ.’

ಗೆರೆ ಎಳೆದ ಆ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಕೊಳ್ಳಲಿ ಎಂದು ಬರೆದದ್ದೂ ಅಲ್ಲ. ಒಮ್ಮೆ ಚಿತ್ರೀಕರಿಸಿದ ಪಾಠ ಸಾವಿರ ಜನಕ್ಕೆ ಮಾರಿದರೂ ಖರ್ಚು ಹೆಚ್ಚುವುದಿಲ್ಲ, ಹಾಗಾಗಿ ಬೆಲೆಗೆ ತಳವೇ ಇಲ್ಲ. 99 ರೂಪಾಯಿ ಗಳಿಕೆಗಲ್ಲ, ಯಾರ ಕೈ ಕಿಸೆಗೆ ಹೋಗುತ್ತದೆ ಎಂದು ಸೋಸುವುದಕ್ಕೆ. ಈ ಮೆಟ್ಟಿಲು ನಮ್ಮವರು ಕಟ್ಟಿದ್ದೂ ಅಲ್ಲ. ಅಮೆರಿಕದಲ್ಲಿ ‘ಟ್ರಂಪ್ ಯೂನಿವರ್ಸಿಟಿ’ ಪುಕ್ಕಟೆ ಸಭೆಗೆ ಕರೆದು, ಮೂರು ದಿನದ ತರಬೇತಿಗೆ 1,495 ಡಾಲರ್ ಕೇಳಿ, ಅಲ್ಲಿಂದ 34,995 ಡಾಲರಿನವರೆಗೆ ಹತ್ತಿಸುತ್ತಿತ್ತು. 2016ರ ನವೆಂಬರಿನಲ್ಲಿ 2.5 ಕೋಟಿ ಡಾಲರ್ ಕೊಟ್ಟು ಮೊಕದ್ದಮೆಗಳನ್ನು ರಾಜಿ ಮಾಡಿಕೊಳ್ಳಬೇಕಾಯಿತು. ಅಷ್ಟರಲ್ಲಿ ಮಾಲೀಕರು ಅಧ್ಯಕ್ಷ ಚುನಾವಣೆ ಗೆದ್ದಿದ್ದರು!

ನಮ್ಮ ಭಾಗ ಕಂಡ ಪೆಟ್ಟು ಬೇರೆ ತರಹದ್ದು. ವಿಜಯವಾಡದ ಅಗ್ರಿಗೋಲ್ಡ್ ಕಂಪನಿ ಪ್ಲಾಟು ಕೊಡುತ್ತೇವೆ, ಇಲ್ಲವೇ ಬಡ್ಡಿ ಸಮೇತ ದುಡ್ಡು ಕೊಡುತ್ತೇವೆ ಎಂದು ಆಂಧ್ರ, ತೆಲಂಗಾಣ, ಕರ್ನಾಟಕದಲ್ಲೆಲ್ಲ ಕಮಿಷನ್ ಏಜೆಂಟರ ಮೂಲಕ ಎತ್ತಿದ್ದು ಸುಮಾರು 6,380 ಕೋಟಿ ರೂಪಾಯಿ. ಏಜೆಂಟರು ಬಹಳಷ್ಟು ಜನ ಊರವರೇ, ಬೀಗರೇ. ಕಂಪನಿ ಮುಳುಗಿದಾಗ ಜನ ಹೋಗಿ ನಿಂತದ್ದು ಅವರ ಬಾಗಿಲಿಗೆ. ಕಮಾನಿನ ಕೆಳಗಿನ ಹುಡುಗನನ್ನು ನೋಡಿದಾಗ ನನಗೆ ಮೋಸಗಾರ ಕಾಣಲಿಲ್ಲ. ಪಾಠಕ್ಕೆ ಅವನೇ ಗಿರಾಕಿ. ಆರು ಲಕ್ಷದ ಪ್ಲಾಟು ಮಾರಿದರೆ ಒಂದು ಪರ್ಸೆಂಟಿನಂತೆ ಆರು ಸಾವಿರ, ಅಲ್ಲಿಗೆ ಫೀಸು ವಸೂಲು. ‘ಇನ್ನ ಬೋಣಿಗಿ ಆಗಿಲ್ರಿ.’

ರೇರಾ ನಂಬರ್ ಕೇಳಿದೆ. ‘ಪ್ರೋಸೆಸ್ನ್ಯಾಗ ಅದರಿ.’ ರಿಯಲ್ ಎಸ್ಟೇಟ್ ನಿಯಂತ್ರಣದ ಈ 2016ರ ಕಾಯ್ದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಲೇಔಟು ನೋಂದಣಿಯಾಗದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. 500 ಚದರ ಮೀಟರ್ ಎಂದರೆ ಐದು ಗುಂಟೆಯೂ ತುಂಬುವುದಿಲ್ಲ. ಇಲ್ಲಿ ಕಲ್ಲು ನೆಟ್ಟಿರುವುದು ಎಕರೆಗಟ್ಟಲೆ. ನೋಂದಣಿಯಾದ ಮೇಲೂ ಕರಾರು ಪತ್ರ ಬರೆದು ನೋಂದಾಯಿಸದೆ ಶೇ 10ಕ್ಕಿಂತ ಹೆಚ್ಚು ಸಂಚಕಾರ ಹಿಡಿಯುವಂತಿಲ್ಲ. ಮಾರಿಸುವ ಏಜೆಂಟನೂ ರೇರಾದಲ್ಲಿ ಹೆಸರು ಬರೆಸಬೇಕು. ಇದನ್ನು ಕ್ಲಾಸಿನಲ್ಲಿ ಹೇಳಲಿಲ್ಲವೇ?

‘ಅದು ಅಡ್ವಾನ್ಸ್ ಬ್ಯಾಚಿನ್ಯಾಗ ಬರ್ತದಂತ್ರಿ.’

ವಾಪಸು ಊರೊಳಗೆ ಬಂದು ಉಪನೋಂದಣಿ ಕಚೇರಿಯ ಹತ್ತಿರ ಒಬ್ಬ ಬಾಂಡ್ ರೈಟರ್ ಕಾಕಾ ಅವರ ಮುಂದೆ ಕೂತೆ. ಮಸ್ಕಿ ರಸ್ತೆಯಲ್ಲಿ ಪ್ಲಾಟು ನೋಡಿದೆ ಎಂದಿದ್ದೇ ತಡ, ಕನ್ನಡಕ ಏರಿಸಿ ಶುರು ಮಾಡಿದರು: ‘ಪಹಣಿ ಯಾರ ಹೆಸರಿಗದ? ಎನ್.ಎ. ಆರ್ಡರ್ ನೋಡೀರೇನ್ರಿ? ನಕ್ಷೆಗೆ ಮಂಜೂರಿ ಆಗ್ಯದೋ ಇಲ್ಲೋ? ಇ.ಸಿ. ತೆಗಿಸೀರಿ?’ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1 ಇದ್ದದ್ದು ಶೇ 2 ಆಗಿದೆ, ಆರು ಲಕ್ಷಕ್ಕೆ 12 ಸಾವಿರ ಬೇರೆ ತೆಗೆದಿಟ್ಟುಕೊಳ್ಳಿ, ಮುದ್ರಾಂಕದ್ದು ಬೇರೆ ಎಂದೂ ಸೇರಿಸಿದರು. ಚಹಾ ತರಿಸಿದವರೂ ಅವರೇ.