ಭೂಗರ್ಭದ ಗಣಿಗಳು: ಖೇವ್ರಾ ಮತ್ತು ಕೋಲಾರ

ಶಿಕಾರಿಪುರ, ಸೊರಬ ಸೀಮೆಯ ನಮಗೆ ಉಪ್ಪೆಂದರೆ ಕಡಲಿನದು. ಘಟ್ಟದ ಕೆಳಗೆ ಗೋಕರ್ಣದ ಸಮೀಪದ ಸಾಣಿಕಟ್ಟಾದಲ್ಲಿ ಉಪ್ಪುನೀರನ್ನು ಆಗರಗಳಿಗೆ ಹಾಯಿಸಿ, ಬಿಸಿಲಿಗೆ ಇಂಗಿಸಿ ಹರಳನ್ನು ಪಡೆಯುವರು. ಆದರೆ ವೈದ್ಯರು ಹೇಳುವ ಸೈಂಧವ ಲವಣವು ಗಣಿಯ ಉಪ್ಪು. ಸಿಂಧೂ ದೇಶದಿಂದ ಬಂದುದರಿಂದಲೇ ಅದಕ್ಕೆ ಆ ಹೆಸರು.

ಅದರ ಪ್ರಸಿದ್ಧ ಆಕರವಾದ ಖೇವ್ರಾ ಗಣಿಯು ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿದೆ. ಬಲು ಹಿಂದೆ ಬತ್ತಿದ ಸಮುದ್ರದ ಉಪ್ಪು ಅಲ್ಲಿ ದಪ್ಪನೆಯ ಪದರಗಳಾಗಿ ಬೆಟ್ಟದೊಳಗೆ ಉಳಿದಿದೆ. 1849ರಲ್ಲಿ ಪಂಜಾಬವು ಆಂಗ್ಲರ ವಶವಾಯಿತು. 1872ರಲ್ಲಿ ವಾರ್ತ್ ಎಂಬ ಇಂಜಿನಿಯರರು ನೆಲಮಟ್ಟದಲ್ಲಿ ಮುಖ್ಯ ಸುರಂಗವನ್ನು ಕೊರೆಯಿಸಿ, ಕೋಣೆ ಮತ್ತು ಕಂಬಗಳ ಕ್ರಮವನ್ನು ನೆಲೆಗೊಳಿಸಿದರು. ಅರ್ಧದಷ್ಟು ಉಪ್ಪನ್ನು ತೆಗೆದು, ಉಳಿದರ್ಧವನ್ನು ಕಂಬಗಳಾಗಿ ಬಿಡುವುದೇ ಇದರ ಸೂತ್ರ. ಹಾಗೆ ಬಿಟ್ಟ ಉಪ್ಪೇ ಬೆಟ್ಟದ ಭಾರವನ್ನು ಹೊತ್ತು ಒಳಗಿನ ಜನರನ್ನು ಕಾಯುತ್ತದೆ.

ಇದೇ ಸೂತ್ರವು ನಮ್ಮ ಕೋಲಾರದ ಚಿನ್ನದ ಗಣಿಗೆ ಸಲ್ಲಲಿಲ್ಲವೇಕೆ ಎಂಬುದು ವಿಚಾರಾರ್ಹವಾಗಿದೆ. ಅಲ್ಲಿ ಹಳ್ಳಿಗರು ಚಿನ್ನ ತೆಗೆಯುತ್ತಿದ್ದುದನ್ನು 1802ರಲ್ಲಿ ಜಾನ್ ವಾರನ್ ಗಮನಿಸಿದ್ದನು. 1880ರಿಂದ ಜಾನ್ ಟೇಲರ್ ಕಂಪನಿಯು ಆಳದ ಗಣಿಗಾರಿಕೆಗೆ ತೊಡಗಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಹರಿದು ಈ ಗಣಿಗಳನ್ನು ಮುಟ್ಟಿತು. ಕೋಲಾರದ ಚಿನ್ನವು ಉಪ್ಪಿನಂತೆ ದಪ್ಪ ಪದರವಾಗಿರದೆ, ಬೆಣಚುಕಲ್ಲಿನ ತೆಳುವಾದ ಎಳೆಯಾಗಿ ಕಡಿದಾಗಿ ಕೆಳಕ್ಕಿಳಿದಿದೆ. ಆದುದರಿಂದ ನೆಟ್ಟನೆಯ ಬಾವಿಗಳನ್ನು ತೋಡಿ, ಅವುಗಳಿಂದ ಹಂತಹಂತವಾಗಿ ಅಡ್ಡ ಸುರಂಗಗಳನ್ನು ಕೊರೆದು, ಆ ಎಳೆಯನ್ನು ಬೆನ್ನಟ್ಟಬೇಕಾಯಿತು. ಚಾಂಪಿಯನ್ ರೀಫ್ ಗಣಿಯು ಹೀಗೆ ಸುಮಾರು 3,200 ಮೀಟರ್ ಆಳಕ್ಕೆ ಇಳಿಯಿತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ತಂಪುಗಾಳಿಯನ್ನು ಕಳುಹಿಸದೆ ಮನುಷ್ಯನು ದುಡಿಯುವಂತಿರಲಿಲ್ಲ.

ಉಪ್ಪು ಒತ್ತಡಕ್ಕೆ ಮೆಲ್ಲನೆ ಬಾಗುವ ವಸ್ತು. ಗಡಸು ಬಂಡೆಯಾದರೋ ತಡೆಯುವಷ್ಟು ತಡೆದು ಥಟ್ಟನೆ ಸಿಡಿಯುತ್ತದೆ. ಸುತ್ತಲಿನ ಕಲ್ಲನ್ನು ತೆಗೆದಂತೆ, ನಡುವೆ ಬಿಟ್ಟ ಭಾಗದ ಮೇಲೆ ಭಾರವೆಲ್ಲ ಕೂಡಿ ಬೀಳುವುದರಿಂದ, ಆಳದಲ್ಲಿ ಆಸರೆಯ ಕಂಬವೇ ಅಪಾಯದ ಮೂಲವಾಗುತ್ತಿತ್ತು. ಇಂತಹ ಬಂಡೆಸಿಡಿತಗಳಿಗೆ ಅನೇಕ ಕಾರ್ಮಿಕರು ಬಲಿಯಾದರು. ಆಸರೆಗೆ ಮೊದಲು ಮರದ ದಿಮ್ಮಿಗಳಿದ್ದವು. ಮುಂದೆ ಕಣಶಿಲೆಯ ಕಲ್ಲುಗಳನ್ನು ಒಳಗೆ ಸಾಗಿಸಿ, ಚಿನ್ನ ತೆಗೆದ ತೆರವಿನಲ್ಲಿ ಗೋಡೆಗಳನ್ನು ಕಟ್ಟುವ ಪದ್ಧತಿ ಬಂದಿತು. ಒಳಗಿನಿಂದ ಕಲ್ಲು ತೆಗೆದು ಒಳಕ್ಕೇ ಕಲ್ಲು ಹೊರುವ ಈ ದುಡಿಮೆಯು ಹೊರಗಿನವರಿಗೆ ವಿಚಿತ್ರವೆನಿಸಿದರೂ, ಒಳಗಿನವರಿಗೆ ಅದು ಜೀವರಕ್ಷೆಯಾಗಿತ್ತು.

1956ರಲ್ಲಿ ಮೈಸೂರು ಸರ್ಕಾರವು ಈ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಆಡಳಿತಕ್ಕೆ ಸೇರಿದವು. ಅದಿರು ಬಡವಾಗಿ, ವೆಚ್ಚವೇರಿ, 2001ರ ಫೆಬ್ರವರಿ 28ರಂದು ಗಣಿಯು ಮುಚ್ಚಿತು. ಒಂದು ಶತಮಾನಕ್ಕೂ ಮಿಕ್ಕಿ ತೆಗೆದ ಚಿನ್ನವು ಸುಮಾರು 800 ಟನ್ನುಗಳೆಂದು ಲೆಕ್ಕವಿದೆ. ಆ ಲೆಕ್ಕವನ್ನು ಮಕ್ಕಳಿಗೆ ಹೇಳುವ ಅಧ್ಯಾಪಕರು, ಕತ್ತಲೆಯಲ್ಲಿ ಗೋಡೆ ಕಟ್ಟಿದ ಕೈಗಳನ್ನೂ ಜೊತೆಯಲ್ಲಿ ಸ್ಮರಿಸುವುದು ಉಚಿತವಾಗಿದೆ.